ಗಂಗಿಗೆ ಕೊಟ್ಟ ಶಕ್ತಿ ಮಾತ್ರೆ

6-11-2006, ಬೆಳಿಗ್ಗೆ

ಗಂಜಿ ಕುಡಿದೆ. ಮೇಲೊಂದು ಚಮಚ ಚ್ಯವನಪ್ರಾಶ. ಬಾಟಲಿ ತಳ ಕಂಡಿತು, ಬಲ ಕಾಣಲಿಲ್ಲ. ಮೀನಿನ ಖಾಲಿ ಬುಟ್ಟಿ ಎತ್ತಿ ನೋಡಿದೆ. ಸೊಂಟದವರೆಗೆ ಬಂತು, ತಲೆಯವರೆಗೆ ಬರಲಿಲ್ಲ. ಚಿಕುನ್‌ಗುನ್ಯ ಜ್ವರ ಹೋಗಿ ತಿಂಗಳುಗಳಾದವು. ನೋವು ಮಾತ್ರ ಮಣಿಕಟ್ಟಿನಲ್ಲಿ ಬಿಡಾರ ಹೂಡಿದೆ.

ಹೊರಗೆ ಗಂಗಿಯ ಚಪ್ಪಲಿ ಸದ್ದು. ಮಲ್ಲಾಪುರದ ಮೊದಲ ಬಸ್ಸಿಗೆ ಹೊರಟಳು. ನನ್ನ ಬಸ್ಸು. ನನ್ನ ಮನೆಗಳು.

ಮೈದುನ ಬೀರುವಿನ ಹೆಂಡತಿ ಇವಳು. ನನ್ನ ವಾರಗಿತ್ತಿ. ಪಕ್ಕದ ಮನೆ, ನಡುವೆ ಒಂದು ಗೋಡೆ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ದಿನವೂ ಮೀನು ಕೊಡುವ ವರ್ತನೆ ಮನೆಗಳನ್ನು, ಆ ಖಾಯಂ ಗಿರಾಕಿಗಳನ್ನು, ಅತ್ತೆ ನನಗೆ ಕೊಟ್ಟಿದ್ದರು. ನನ್ನ ಕೈ ಹಿಡಿದು ಒಂದೊಂದೇ ಬಾಗಿಲಿಗೆ ಕರೆದೊಯ್ದು, "ಇನ್ಮೇಲೆ ಇವಳು ಬರ್ತಾಳೆ" ಅಂದಿದ್ದರು. ವರ್ತನೆ ಮನೆಗಳು ಹಿರಿ ಸೊಸೆಗೆ. ಕೋಡಿಬಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಗಂಡ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿದ್ದು ಆ ಬಾಗಿಲುಗಳೇ. ಜ್ವರದಲ್ಲಿ ನಾನೇ ಗಂಗಿಗೆ ಹೇಳಿದ್ದು — ನಾನು ಏಳುವ ತನಕ ನೋಡಿಕೋ ಎಂದು. ಈಗ ಎದ್ದಿದ್ದೇನೆ. ಅವಳಿಗೆ ಕಾಣುತ್ತಿಲ್ಲ.

ಅಂಕೋಲೆಯ ಅಕ್ಕನಿಗೆ ಪತ್ರ ಬರೆದೆ. ಎಲ್ಲರೂ ಕ್ಷೇಮ, ನಿನ್ನ ಮಂಡಿ ಹೇಗಿದೆ, ಬಿಸಿ ಎಣ್ಣೆ ತಿಕ್ಕು... ಕ್ಷೇಮವಲ್ಲದ್ದು ಈ ಪುಸ್ತಕಕ್ಕೆ.

9-11-2006

ಬುಟ್ಟಿಯಿಲ್ಲದೆ ಮಲ್ಲಾಪುರಕ್ಕೆ ಹೋಗಿ ಬಂದೆ. ಮುಖ ತೋರಿಸಿ ಬರೋಣ ಎಂದು. ಅಮಿತಾ ಮೇಡಂ ಬಾಗಿಲು ತೆಗೆದು ಎದೆ ಹಿಡಿದುಕೊಂಡರು.

"ಅಯ್ಯೋ ನಾಗಮ್ಮ! ನೀವು ಹಾಸಿಗೆ ಹಿಡಿದಿದ್ದೀರಿ, ಇನ್ನು ಏಳೋದಿಲ್ಲ ಅಂದಿದ್ಲಲ್ಲ ಗಂಗಿ!"

"ಎದ್ದೆ ಅಮ್ಮ. ಅವಳಿಗೆ ಹೇಳಿ ಏಳೂದು ಮರ್ತೋಯ್ತು."

ನಕ್ಕರು. ಒಳಗೆ ಕರೆದು ಚಹಾ ಕೊಟ್ಟರು. ಒಂದು ದೊಡ್ಡ ಡಬ್ಬ ತಂದು ಮುಂದಿಟ್ಟರು. ಹಾಲಿಗೆ ಒಂದು ಚಮಚ ಹಾಕಿ ಕುಡಿದರೆ ವಯಸ್ಸೇ ಗೊತ್ತಾಗುವುದಿಲ್ಲವಂತೆ. ಮೆಂಬರ್ ಆದರೆ ಕಡಿಮೆಗೆ ಸಿಗುತ್ತದಂತೆ. ಭಾನುವಾರ ಮೀಟಿಂಗಿಗೆ ಬನ್ನಿ ಅಂದರು. ಡಬ್ಬದ ಮೇಲೆ ಬಿಳಿ ಕೂದಲಿನ ಹೆಂಗಸು ಓಡುತ್ತಿದ್ದಾಳೆ, ಹಲ್ಲೆಲ್ಲ ಕಾಣುವ ಹಾಗೆ. ಅವಳ ತಲೆಯ ಮೇಲೆ ಬುಟ್ಟಿ ಇರಲಿಲ್ಲ.

ಇನ್ನು ಏಳೋದಿಲ್ಲ... ಬಸ್ಸಿನಲ್ಲಿ ಕಾಳಿ ನದಿ ನೋಡುತ್ತಾ ಬಂದೆ. ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ಅಗಿಯುತ್ತಾ.

11-11-2006

ಕಾರವಾರದಲ್ಲಿ ರೋಷನನ ಮೆಡಿಕಲ್. ಶಕ್ತಿಗೆ ಎಂತ ಇದೆ ಅಂತ ಕೇಳಿದ್ದೇ ತಪ್ಪಾಯಿತು. ಕೌಂಟರ್ ತುಂಬಾ ಹರಡಿದ. ಮೂಳೆಗೆ ಒಂದು, ನರಕ್ಕೆ ಒಂದು, ಕುದುರೆ ಚಿತ್ರದ್ದು ಇನ್ನೊಂದು. ಆಮೇಲೆ ಜೇನಿನ ಬಣ್ಣದ ಗುಳಿಗೆ.

"ಇದು ಬೆಸ್ಟ್, ಅಕ್ಕ. ಮೀನಿನೆಣ್ಣೆ."

"ಮೀನ್ನವಳಿಗೆ ಮೀನು ಮಾರ್ತೆಯಾ? ಬಂಗಡೆ ತಂದು ಕೊಡ್ತೆ, ನೀನೇ ಹಿಂಡ್ಕಂಡು ಕುಡಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ರೋಷನನೂ. ಆದರೂ ಒಳ್ಳೆಯವನು. ಡಬ್ಬಗಳನ್ನು ಹಿಂದಕ್ಕೆ ಸರಿಸಿ, ಮೊದಲು ರಕ್ತ ತೋರಿಸಿ ಬನ್ನಿ ಅಂದ. ದೊಡ್ಡಾಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರು. ರಕ್ತ ಕಡಿಮೆ ಇದೆಯಂತೆ. ಕೆಂಪು ಮಾತ್ರೆ ಕಬ್ಬಿಣದ್ದು, ಹಳದಿ ಗುಳಿಗೆ ವಿಟಮಿನ್ನಿನದು. ಡಬ್ಬದ ಪುಡಿ ಬೇಡ, ಮೀನು ಬಿಡಬೇಡಿ, ಜೊತೆಗೆ ಬೇಳೆ, ಮೊಟ್ಟೆ, ಸೊಪ್ಪು. ಕೀಲುನೋವು ಬಂದ ದಾರಿಯಲ್ಲೇ ಹೋಗುತ್ತದೆ, ಆದರೆ ನಿಧಾನ.

ಬಾಗಿಲ ತನಕ ಬಂದವಳನ್ನು ಕರೆದು ಇನ್ನೊಂದು ಮಾತು ಹೇಳಿದರು. "ಹಳದಿ ಗುಳಿಗೆ ತಗೊಂಡ್ರೆ ಮೂತ್ರ ಅರಿಶಿಣದ ಹಾಗೆ ಬರ್ತದೆ. ಹೆದರ್ಬೇಡಿ. ಗುಳಿಗೆಯ ಬಣ್ಣ, ಅಷ್ಟೇ."

2-12-2006, ಮಧ್ಯಾಹ್ನ

ಬುಟ್ಟಿ ತಲೆಗೆ ಬಂತು! ಗುಳಿಗೆಯಿಂದಲೋ, ಮೊಟ್ಟೆಯಿಂದಲೋ, ನೋವೇ ಬೇಸತ್ತು ಹೋಯಿತೋ. ಬಂಗಡೆ ತುಂಬಿಕೊಂಡು ಮೊದಲ ಬಸ್ಸು ಹತ್ತಿದೆ.

ಅಮಿತಾ ಮೇಡಂ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಗಂಗಿ. ಬುಟ್ಟಿ ಅಡ್ಡ ಇಟ್ಟು ಕೂತಿದ್ದಳು. ಸರಿಯಲಿಲ್ಲ.

"ಅಕ್ಕ, ಮಳೆಯಲ್ಲಿ ಈ ಮೆಟ್ಲು ಹತ್ತಿದವ್ಳು ನಾನು. ಜನ ಈಗ ನಂಗೆ ಹೊಂದ್ಕಂಡಿದಾರೆ."

"ಅತ್ತೆ ನಂಗೆ ಕೊಟ್ಟ ಮನೆ, ಗಂಗಿ."

"ಅತ್ತೆ ಸತ್ತು ಎಷ್ಟು ವರ್ಷ ಆಯ್ತು ಮಾರಾಯ್ತಿ! ನಿಂಗೂ ವಯಸ್ಸಾಯ್ತು. ಮನೆಯಲ್ಲಿ ಕುಂತ್ಕಂಡು ರಾಮ ರಾಮ ಅನ್ನು. ಒಂದು ಹೊತ್ತಿನ ಮೀನು ನಾನೇ ತಂದ್ಹಾಕ್ತೆ."

ಮೇಲಿನ ಮನೆಯವರು ಇಣುಕಿದರು. ಗಂಗಿ ನನ್ನ ಬುಟ್ಟಿಗೆ ಕೈ ಹಾಕಿ ಒಂದು ಬಂಗಡೆಯ ಕಿವಿರು ಎತ್ತಿ, "ನಿನ್ನೇದು ತಂದಿದ್ಯಾ?" ಅಂದಳು. ಅಷ್ಟು ಜೋರಾಗಿ. ಬೆಳಗಿನ ಜಾವ ದೋಣಿಯಿಂದ ಇಳಿದ ಮೀನು. ಆಮೇಲೆ ಒಬ್ಬರೂ ಕೊಳ್ಳಲಿಲ್ಲ.

ಕಾರವಾರ ಪೇಟೆಯಲ್ಲಿ ಗಟಾರದ ಬದಿ ಕುಳಿತು ಬಂದ ರೇಟಿಗೆ ಮಾರಿ ಬಂದೆ. ಇದನ್ನು ನಾನು ಮರೆಯುವುದಿಲ್ಲ. ಕಾಲು ಹಿಡಿದರೂ ಮರೆಯುವುದಿಲ್ಲ.

18-12-2006

ಗಂಗಿ ಬಂದಳು. ಕೈಯಲ್ಲಿ ಬಟ್ಟಲು, ಸಿಗಡಿಯದು, ಶೆಟ್ಲಿ ಸುಕ್ಕ. ಬೇಕಾದ್ದಿದ್ದರೆ ಮಾತ್ರ ಬಟ್ಟಲು ಬರುತ್ತದೆ.

"ಅಕ್ಕ, ಸೊಂಟ ಬಿದ್ದೋಯ್ತು. ನೀ ಎಂತ ತಿಂದು ಹೀಂಗೆ ಎದ್ದೆ? ನಂಗೂ ಹೇಳೇ."

ಅವಳು ಕೇಳುವುದನ್ನು ಕೇಳಲು ಎಷ್ಟು ಹಿತವಾಯಿತು! ಹಳದಿ ಗುಳಿಗೆಯ ಎರಡು ಪಟ್ಟಿ ಕೊಟ್ಟೆ. ಕೊಡುವಾಗ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಬರೆದಿಡುತ್ತೇನೆ. ಡಾಕ್ಟರು ಹೇಳಿದ ಬಣ್ಣದ ಮಾತು ಆಗ ನೆನಪಿಗೇ ಬರಲಿಲ್ಲ.

ಶೆಟ್ಲಿ ರುಚಿಯಾಗಿತ್ತು.

20-12-2006, ಬೆಳಿಗ್ಗೆ

ಗಂಗಿ ಹಿತ್ತಲಿನಿಂದ ಓಡಿ ಬಂದಳು. ಮುಖ ಬೂದಿ.

"ಅಕ್ಕ, ಉಚ್ಚೆ ಅರಿಶಿಣ ಕಲಸಿದಾಂಗೆ ಹೋತು. ನಮ್ಮಪ್ಪ ಹೀಂಗೇ ಹೋದ... ಕಾಮಾಲೆಯಲ್ಲಿ. ಕಣ್ಣು ನೋಡೇ, ಕಣ್ಣು ನೋಡು."

ನಗು ಬಂತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಹೊಸ ವರ್ಷಕ್ಕೆ ನನ್ನ ಮನೆಗಳಿಂದ ಎಷ್ಟು ಆರ್ಡರ್ ಇತ್ತು, ಅಯ್ಯೋ" ಅಂದಳು.

ನನ್ನ ಮನೆಗಳು ಅಂದಳು.

ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದೆ. ರೆಪ್ಪೆ ಎಳೆದು ನೋಡಿದೆ. ಕಣ್ಣು ಬೆಳ್ಳಗಿತ್ತು, ತೊಳೆದ ಪಿಂಗಾಣಿ ಬಸಿಯ ಹಾಗೆ.

"ಸ್ವಲ್ಪ ಹಳದಿ ಇದ್ದಾಂಗಿದೆ, ಗಂಗಿ" ಅಂದೆ.

ಹೊಸ್ತಿಲ ಮೇಲೆ ಕುಳಿತು ಬೀರುವನ್ನು ಕೂಗಿದಳು. ನೀರು ಕೊಟ್ಟೆ, ಬೆನ್ನು ಸವರಿದೆ. ಬೀರು ಆಸ್ಪತ್ರೆ ಅಂದ. ರಕ್ತ ನೋಡಿದರೆ ಗೊತ್ತಾಗಿಬಿಡುತ್ತದೆ... "ಕಾಮಾಲೆಗೆ ಅಲ್ಲೆಲ್ಲಿ ಔಷಧ, ಸೊಪ್ಪೇ ಆಗ್ಬೇಕು" ಅಂತ ನಾನೇ ಅಂದೆ. ಅಂಕೋಲೆ ಕಡೆ ಮಾದು ಎಂಬವನು ಕೊಡುತ್ತಾನೆ ಎಂದೂ ನಾನೇ ಹೇಳಿದೆ.

25-12-2006

ಮಲ್ಲಾಪುರ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಅಮಿತಾ ಮೇಡಂ, "ಗಂಗಿ ಎಲ್ಲಿ?" ಅಂದರು.

"ಕಾಮಾಲೆ, ಅಮ್ಮ. ಪಾಪ."

ಆ ಪಾಪ ಎಂಬುದನ್ನು ಎಷ್ಟು ಮೆತ್ತಗೆ ಹೇಳಿದೆ ನಾನು! "ಅಯ್ಯೋ, ಅವಳ ಕೈಯ ಮೀನು ತಿಂದ್ವಲ್ಲ" ಎಂದು ಮೇಡಂ ಒಳಗೆ ಹೋಗಿ ಕೈ ತೊಳೆದು ಬಂದರು. ಬಾಗಿಲಿನಿಂದ ಬಾಗಿಲಿಗೆ ನಾನು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಬುಟ್ಟಿ ಖಾಲಿ.

ಸಂಜೆ ಗಂಗಿಯ ಮನೆಗೆ ಹೋದೆ. ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದಳು. ಮೀನಿನ ವಾಸನೆ ಕೂಡ ಬರಬಾರದು ಅಂದಿದ್ದಾನಂತೆ ಮಾದು. ನಾನು ಮನೆಗೆ ಬಂದು ತಾರ್ಲೆ ಮೀನು ಹುರಿದೆ. ಗೋಡೆ ಪಕ್ಕದ ಕಿಟಕಿ ತೆರೆದಿಟ್ಟು ಹುರಿದೆ.

12-1-2007

ಇಷ್ಟು ದಿನ ಬರೆಯಲಿಲ್ಲ. ವ್ಯಾಪಾರ ಜೋರು.

ಸೊಪ್ಪಿನ ರಸ ಆಯಿತು, ಪಥ್ಯ ಆಯಿತು. ಗಂಗಿಯ ಉಚ್ಚೆಯ ಬಣ್ಣ ಇಳಿದಿಲ್ಲ. ನಾನು ಕೊಟ್ಟ ಪಟ್ಟಿ ಎಂದೋ ಮುಗಿದಿರಬೇಕಲ್ಲ? ಇವತ್ತು ಗೊತ್ತಾಯಿತು. ತಲೆದಿಂಬಿನ ಕೆಳಗಿನಿಂದ ಅದೇ ಹಳದಿ ಗುಳಿಗೆ ತೆಗೆದು ತೋರಿಸಿದಳು. ಬೀರುವಿನ ಹತ್ತಿರ ರೋಷನನ ಅಂಗಡಿಯಿಂದ ತರಿಸಿಕೊಂಡಿದ್ದಾಳೆ.

"ಹೊಟ್ಟೆಗೆ ಎಂತದೂ ಇಲ್ಲ ಅಕ್ಕ. ಶಕ್ತಿಗೆ ಇದೊಂದೇ. ಮಾದುಗೆ ಹೇಳ್ಬೇಡ, ಬಿಡು ಅಂತಾನೆ."

ಕೆನ್ನೆ ಒಳಗೆ ಹೋಗಿದೆ. ನನ್ನ ಕೈ ಹಿಡಿದುಕೊಂಡು, "ಮಲ್ಲಾಪುರದ ಮನೆ ನೀನೇ ಇಟ್ಕೊ. ನಿಂದೇ ಅದು" ಅಂದಳು.

ಗೆದ್ದೆ. ಗೆದ್ದೆ ಎಂದು ಬರೆದು ಸ್ವಲ್ಪ ಹೊತ್ತು ಆ ಅಕ್ಷರ ನೋಡಿದೆ.

ಈಗ ಹೇಳಿದರೆ ಮನೆಗಳು ಅವಳಿಗೆ ವಾಪಸು. ಹೇಳದಿದ್ದರೆ... ಸಾಯುವ ಕಾಯಿಲೆಯಂತೂ ಅಲ್ಲ. ಇನ್ನೂ ಸ್ವಲ್ಪ ದಿನ ಉಪ್ಪಿಲ್ಲದೆ ಉಣ್ಣಲಿ.

15-1-2007

ಮಾದು ಬರೆ ಹಾಕಬೇಕು ಅಂದಿದ್ದಾನಂತೆ. ಎರಡೂ ಮೊಳಗೈಗೆ. ನಾಳೆ ಬೆಳಿಗ್ಗೆ.

ಕೈ ಹಿಡಿದುಕೊಳ್ಳಲು ಮನೆಯವರೇ ಆಗಬೇಕು. ಬೀರುವಿಗೆ ನೋಡಲಾಗುವುದಿಲ್ಲವಂತೆ. "ಅಕ್ಕ ಬರ್ಲಿ. ಅವಳ ಹಿಡಿತ ಈಗ ಗಟ್ಟಿ ಆಗದೆ" ಅಂದಳಂತೆ ಗಂಗಿ.

16-1-2007, ಸಂಜೆ

ಹೋಗಿ ಬಂದೆವು.

ಮಾದುವಿನ ಅಂಗಳ. ಕೆಂಡದಲ್ಲಿ ಕಬ್ಬಿಣದ ಸಣ್ಣ ಸಲಾಕೆ. ಗಂಗಿ ಮಣೆಯ ಮೇಲೆ ಕೂತು ಎಡಗೈ ಚಾಚಿದಳು. ನಾನು ಮಣಿಕಟ್ಟು ಹಿಡಿದೆ. ದಾರಿಯುದ್ದಕ್ಕೂ ಅಂದುಕೊಂಡಿದ್ದೆ — ಸಲಾಕೆ ಎತ್ತಿದ ಕೂಡಲೇ ಹೇಳುವುದು ಎಂದು. ಎತ್ತಿದ. ಕೆಂಪಗಿತ್ತು. ಮೆಟ್ಟಿಲ ಮೇಲೆ ನನ್ನ ಬಂಗಡೆಯ ಕಿವಿರು ಎತ್ತಿದ ಬೆರಳುಗಳು ನನ್ನ ಕಣ್ಣೆದುರಿಗೇ ಇದ್ದವು.

ಹೇಳಲಿಲ್ಲ.

ಕೂಗಿದಳು. ಸುಟ್ಟ ವಾಸನೆ. ನನ್ನ ಹಿಡಿತ ಸಡಿಲವಾಗಲಿಲ್ಲ.

ಮಾದು ಸಲಾಕೆಯನ್ನು ಮತ್ತೆ ಕೆಂಡಕ್ಕಿಟ್ಟ. ಗಂಗಿ ತಾನಾಗಿಯೇ ಬಲಗೈ ಚಾಚಿದಳು. ಚಾಚಿ ನನ್ನ ಭುಜಕ್ಕೆ ಹಣೆ ಒತ್ತಿದಳು, ಚಿಕ್ಕ ಹುಡುಗಿಯ ಹಾಗೆ.

"ಸಾಕು, ತೆಗಿ ಅದನ್ನ" ಅಂದೆ ಮಾದುವಿಗೆ. "ಇವಳಿಗೆ ಕಾಮಾಲೆ ಇಲ್ಲ. ಗುಳಿಗೆ ಬಣ್ಣ ಅದು. ಡಾಕ್ಟ್ರು ಹೇಳಿದ್ರು ನಂಗೆ."

ಮಾದು ನನ್ನನ್ನು ನೋಡಿದ. ಗಂಗಿ ನೋಡಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತಳು. ಕೈ ಮೇಲೆ ಬಾಳೆಲೆ ಕಟ್ಟಿತ್ತು. ಕಾರವಾರ ಸ್ಟ್ಯಾಂಡ್ ಬಂತು. ಇಳಿಯುವಾಗ ಕೇಳಿದಳು, ಮೆತ್ತಗೆ.

"ಎಡಗೈ ಮುಗಿಯೂ ತನಕ ಎಂತಕ್ಕೆ ಕಾದೆ ಅಕ್ಕ?"

ಉತ್ತರ ಇತ್ತು. ನನ್ನ ಮನೆಗಳನ್ನು ಕಿತ್ತುಕೊಂಡದ್ದಕ್ಕೆ ಒಂದು ಕೈ ಸಾಕು ಅನ್ನಿಸಿತ್ತು. ಅವಳಿಗಿಂತ ಮೊದಲು ಇಳಿದೆ.

29-1-2007

ಅವಳು ಬರುವುದಿಲ್ಲ. ನಾನೂ ಹೋಗುವುದಿಲ್ಲ. ಗೋಡೆಯಾಚೆ ಮೀನು ಹುರಿಯುವ ವಾಸನೆ. ಒಳ್ಳೆಯದು, ಉಣ್ಣಲಿ.

ಮಲ್ಲಾಪುರಕ್ಕೆ ನಾನೇ ಹೋಗುತ್ತಿದ್ದೇನೆ. "ಗಂಗಿ ಹೇಗಿದ್ದಾಳೆ?" ಅಂತಾರೆ. "ಸುಧಾರಿಸ್ತಿದ್ದಾಳೆ" ಅಂತೇನೆ. ಬೀರು ಎದುರಾದರೆ ನೆಲ ನೋಡಿ ಹೋಗುತ್ತಾನೆ. ಅಕ್ಕನಿಗೆ ಪತ್ರ ಬರೆಯಲು ಕೂತೆ. ಎಲ್ಲರೂ ಕ್ಷೇಮ ಎಂಬಲ್ಲಿಗೆ ಪೆನ್ನು ನಿಂತಿತು.

5-2-2007, ಬೆಳಿಗ್ಗೆ

ಗಂಗಿ ಬಂದಿದ್ದಳು. ಸೆರಗು ಬಿಗಿದು ಕಟ್ಟಿದ್ದಳು. ಕೆನ್ನೆ ತುಂಬಿಕೊಂಡಿದೆ. ಎಡ ಮೊಳಗೈಯಲ್ಲಿ ಬರೆ ಕಪ್ಪಗೆ ಹೊಳೆಯುತ್ತಿದೆ. ಒಂದು ಲೋಟ ತಂದು ನನ್ನ ಮುಂದಿಟ್ಟಳು. ಕಂದು ಬಣ್ಣದ್ದು, ಮಂದ.

"ಕುಡಿ ಅಕ್ಕ. ಶಕ್ತಿ ಬತ್ತದೆ."

"ಎಂತ ಇದು?"

"ನೀ ಕೊಟ್ಟಾಗ ನಾನು ಕೇಳಿದ್ನಾ?"

ಲೋಟವನ್ನು ಅವಳ ಕಡೆಗೇ ಸರಿಸಿದೆ. ವಾಪಸು ತಳ್ಳಿದಳು.

"ಕುಡಿದ್ರೆ ಇವತ್ತಿಂದ ಇಬ್ರೂ ಒಟ್ಟಿಗೆ ಮಲ್ಲಾಪುರಕ್ಕೆ ಹೋಪ. ಅರ್ಧ ಮನೆ ನಿಂದು, ಅರ್ಧ ನಂದು. ಕುಡೀದೆ ಇದ್ರೆ ನಾನೊಬ್ಳೇ ಹೋತೆ. ಬಾಗಿಲು ಬಾಗಿಲಿಗೆ ನಿಂತು ಈ ಕೈ ತೋರಿಸ್ತೆ. ಯಾರು ಹಿಡ್ಕಂಡಿದ್ರು ಅಂತ್ಲೂ ಹೇಳ್ತೆ."

"ವಿಷ ಹಾಕಿದ್ಯಾ ಗಂಗಿ?"

ನಕ್ಕಳು. ಹಳೆಯ ಗಂಗಿಯ ನಗು, ಮೆಟ್ಟಿಲ ಮೇಲಿನದು. "ಕಣ್ಣು ನೋಡಿ ಹೇಳು, ನಿಂಗೆ ಕಣ್ಣು ನೋಡೂಕೆ ಬತ್ತದಲ್ಲ" ಅಂದಳು. ಬುಟ್ಟಿ ತರುತ್ತೇನೆಂದು ಹೋದಳು. ಬರುವಷ್ಟರಲ್ಲಿ ಲೋಟ ಖಾಲಿ ಇರಬೇಕಂತೆ.

ಚೆಲ್ಲಿದರೆ ಗೊತ್ತಾಗುವುದಿಲ್ಲ. ಹಿತ್ತಲು ಅಲ್ಲೇ ಇದೆ. ಎದ್ದು ಬಾಗಿಲ ತನಕ ಹೋಗಿ ಬಂದೆ, ಲೋಟ ಹಿಡಿದುಕೊಂಡೇ. ಮೂಸಿದೆ. ಬೆಲ್ಲದ ವಾಸನೆ. ಅದರ ಕೆಳಗೆ ಇನ್ನೇನೋ, ಗುರುತು ಸಿಗುತ್ತಿಲ್ಲ. ಅವಳ ಜಾಗದಲ್ಲಿ ನಾನಾಗಿದ್ದರೆ ಏನು ಹಾಕುತ್ತಿದ್ದೆ ಎಂದು ಯೋಚಿಸಿದೆ.

ಅಂಗಳದಲ್ಲಿ ಬುಟ್ಟಿ ಇಳಿಸಿದ ಸದ್ದು. "ಅಕ್ಕಾ, ಬಸ್ಸು ಬತ್ತದೆ, ಆಯ್ತಾ?" ಅಂತಿದ್ದಾಳೆ.

ತುಟಿಗೆ ತಂದೆ. ಸಿಹಿ ಇದೆ, ಮೊದಲ ಗುಟುಕು... ಆಮೇಲೆ ನಾಲಿಗೆಯ ತುದಿಗೆ ಕಹಿ. ಮಾದುವಿನ ಸೊಪ್ಪೋ, ಬೇರೇನೋ, ಪೂರ್ತಿ ಕುಡಿದು ಹೊರಡುತ್ತೇನೆ.