ಭಾಗಮ್ಮನ ಕೂಸಿನ ಹೆಸರು

ಮಲ್ಲಂದೂರು, ೧೪ ನವೆಂಬರ್ ೧೯೪೧, ಶುಕ್ರವಾರ

ಪತ್ರಿಕೆಯಲ್ಲಿ ಸುಭದ್ರಮ್ಮನ ಪಟ ಬಂದಿದೆ. ನಮ್ಮ ತೋಟದ ಧಣಿಯ ಹೆಂಡತಿ, ಈಗ ಪ್ರಜಾಪ್ರತಿನಿಧಿ ಸಭೆಯ ಸದಸ್ಯೆ. ತೋಟದಲ್ಲಿ ದುಡಿಯುವ ಬಾಣಂತಿಯರಿಗೆ ಒಂದು ತಿಂಗಳು ಕೂಲಿಸಹಿತ ರಜೆ ಕೊಡಬೇಕೆಂದು ಸಭೆಯ ಹೆಣ್ಣು ಸದಸ್ಯರೆಲ್ಲ ಸೇರಿ ಗೊತ್ತುವಳಿ ಮಾಡಿದ್ದಾರೆ. ಮಂಡಿಸಿದವಳು ಇವಳು. “ಹೆತ್ತ ಮೂರನೇ ದಿನ ಬುಟ್ಟಿ ಹೊರುವ ತಾಯಂದಿರನ್ನು ನೋಡಿದ್ದೇನೆ” ಎಂದಳಂತೆ. ಎಲ್ಲಿ ನೋಡಿದಳು? ಹೋದ ವರ್ಷ ಅವಳ ಜಗಲಿಯಲ್ಲಿ ಕೂತು ಆ ಮಾತು ಹೇಳಿದವಳು ನಾನು. ಹದಿನಾರು ವರ್ಷದಿಂದ ಈ ಕೂಲಿಯವರ ಲೈನು ಮನೆಗಳಲ್ಲಿ ಹೆರಿಗೆ ಮಾಡಿಸುತ್ತಿರುವ ದಾದಿ ನಾನು.

ಗೊತ್ತುವಳಿ ಒಳ್ಳೆಯದೇ. ಹೊಟ್ಟೆ ಉರಿಯುವುದೂ ಅದಕ್ಕೇ. ಕೆಟ್ಟದ್ದಾಗಿದ್ದರೆ ನಾಲ್ಕು ಬೈದು ಮಲಗಬಹುದಿತ್ತು.

ಬೆಳಿಗ್ಗೆ ಕಾಫಿ ಕೊಯ್ಯುವ ಭಾಗಮ್ಮನಿಗೆ ಹೆಣ್ಣು ಮಗು. ಕಾಲು ಮುಂದಾಗಿ ಬಂದಿತ್ತು. ಇಬ್ಬರನ್ನೂ ಉಳಿಸಿದೆ. ಅವಳು ನನ್ನ ಕೈ ಹಿಡಿದುಕೊಂಡು, “ಒಂದು ತಿಂಗ್ಳು ಕೆಲ್ಸಕ್ಕೆ ಬರ್ಬೇಡ, ಕೂಲಿ ಸಿಗುತ್ತೆ, ನಮ್ ತೋಟದಲ್ಲಿ ಈಗ್ಲೇ ಕೊಡ್ಬೇಕು ಅಂತ ಸುಭದ್ರಮ್ಮೋರು ಹೇಳವ್ರೆ ಅಂದ್ರು ಲೆಕ್ಕ ಬರ್ಯೋ ರೈಟ್ರು. ಕೂಸಿಗೆ ಸುಭದ್ರಮ್ಮೋರ ಹೆಸ್ರೇ ಬರ್ಕೊಳ್ಳಿ, ದಾದಿಯಮ್ಮ” ಅಂದಳು.

“ಆಗಲಿ” ಎಂದೆ.

ಜನನದ ರಿಜಿಸ್ಟರು ಮುಂದಿದೆ. ತಾಯಿಯ ಹೆಸರು, ಊರು, ಹುಟ್ಟಿದ ಹೊತ್ತು ಎಲ್ಲ ಬರೆದಾಯಿತು. ಮಗುವಿನ ಹೆಸರಿನ ಜಾಗಕ್ಕೆ ಬಂದು ಮೂರು ಸಲ ಲೇಖನಿಯನ್ನು ಮಸಿಯಲ್ಲಿ ಅದ್ದಿದೆ. ಮೂರು ಸಲವೂ ಒಣಗಿತು.