ನಾನು ಹಾರಿಸಿದ ನಾಲ್ಕು ಹಾಳೆ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಬೇಕಾದದ್ದನ್ನು ಯಾರಿಂದ ಓದಿಸಿಕೊಳ್ಳಬೇಕು ಎಂಬುದು ನಿನಗೆ ಚೆನ್ನಾಗಿ ಗೊತ್ತಿತ್ತು. ಅದು ನನಗೆ ತಿಳಿದದ್ದು ಮಾತ್ರ ಹೋದ ವಾರ.

ಮಧ್ಯಾಹ್ನ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕಟ್ಟೆಗೆ ಬರುವಷ್ಟರಲ್ಲಿ ನೀನು ಬೀಜದ ಶೇಂಗಾ ಮೊರಕ್ಕೆ ಸುರಿದುಕೊಂಡು ಸುಲಿಯಲು ಕುಳಿತಿರುತ್ತಿದ್ದೆ. ಒಂದು ದಿನ ಕಾದಂಬರಿ, ಒಂದು ದಿನ ಡಾಕ್ಟರರ ಪುಸ್ತಕ. ಅದು ನೀನೇ ಮಾಡಿದ ಕಾನೂನು. ಕಾದಂಬರಿ ಖಾನಾವಳಿ ನಡೆಸುವ ಇಬ್ಬರು ಅಕ್ಕತಂಗಿಯರದು. ಅವರು ಎಣ್ಣೆಗಾಯಿ ಮಾಡುವಾಗ ಶೇಂಗಾ ಪುಡಿ ಹಾಕುವುದನ್ನು ಬರೆದವರು ಮರೆತಿದ್ದಾರೆಂದು ನೀನು ನನ್ನ ಮೇಲೆ ರೇಗಿದ್ದೆ, ನಾನೇ ಬರೆದವಳು ಎಂಬಂತೆ. ಪುಸ್ತಕದ ಜೊತೆ ಅಷ್ಟು ಜಗಳವಾಡುತ್ತಾ ಕೇಳುವವರನ್ನು ನಾನು ಬೇರೆ ಕಂಡಿಲ್ಲ.

ಆ ಕಾದಂಬರಿಯ ಅಕ್ಕ ಶಾರವ್ವ ಹೆರಿಗೆಯಲ್ಲಿ ಸಾಯುವ ಪುಟ ಬಂದ ದಿನ ನೆನಪಿದೆಯೇ? ನೀನು ಆಕೆಯನ್ನು ಸ್ವಂತ ಮಗಳ ಹಾಗೆ ಹಚ್ಚಿಕೊಂಡಿದ್ದೆ. ನನ್ನ ಕಣ್ಣು ಮೂರು ಸಾಲು ಮುಂದೆ ಓಡಿತು, ನಾಲಿಗೆ ನಿಂತುಬಿಟ್ಟಿತು. ಆ ಹಾಳೆ ಹಾರಿಸಿ, ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ ಎಂದು ಓದಿಬಿಟ್ಟೆ. ಫಜೀತಿ ಶುರುವಾದದ್ದು ಆಮೇಲೆ. ಮುಂದೆ ಆಕೆಯ ಹೆಸರೇ ಬರುವುದಿಲ್ಲವಲ್ಲ, ಕೂಸಿನ ಸಮೇತ ಚಿಕ್ಕೇರೂರಿಗೆ, ಗಂಡನ ಮನೆಗೆ ಕಳಿಸಿದೆ. ನಾಲ್ಕು ದಿನ ಬಿಟ್ಟು ನೀನು ಕೇಳಿದೆ. "ಪಂಚಮಿಗರೆ ಶಾರವ್ವನ್ನ ಕರಸಬಾರದೇನ? ಆಕಿಗೂ ತವರಮನಿ ಅಂತ ಒಂದು ಐತಿಲ್ಲೋ?" ಕರೆಸಿದೆ. ಜೋಕಾಲಿ ಕಟ್ಟಿಸಿದೆ, ಉಂಡಿ ತಿನ್ನಿಸಿದೆ, ಪುಸ್ತಕದಲ್ಲಿಲ್ಲದ ಎರಡು ಪುಟ ಬಾಯಿಂದಲೇ ಓದಿದೆ. ನೀನು ಕಣ್ಣು ಮುಚ್ಚಿಕೊಂಡು ಕೇಳಿದೆ.

ಡಾಕ್ಟರರ ಪುಸ್ತಕ ಕಿಡ್ನಿಯ ಬಗ್ಗೆ. ನಿನ್ನ ಕಾಲು ಬಾತಮೇಲೆ ನೀನೇ ತರಿಸಿಕೊಂಡದ್ದು. ಆಸ್ಪತ್ರೆಯಲ್ಲಿ ನನ್ನೊಬ್ಬಳಿಗೇ ಹೇಳಿದ್ದ ಮಾತು ಅದರ ಒಂದು ಅಧ್ಯಾಯದಲ್ಲಿತ್ತು. ರೋಗ ಇಷ್ಟು ಬೆಳೆದ ಮೇಲೆ ವಾಸಿಯಾಗುವುದಿಲ್ಲ ಎಂಬ ಮಾತು. ನಾಲ್ಕು ಹಾಳೆ ಒಟ್ಟಿಗೆ ತಿರುವಿದೆ. ಆ ಪಾಠ ಮುಗಿಯಿತೇ ಎಂದು ಕೇಳಿದೆ ನೀನು. ಮುಗಿಯಿತು, ಉಪ್ಪು ಕಡಿಮೆ ಮಾಡಬೇಕಂತೆ ಎಂದೆ. ನೀನು ಮೊರ ಕೊಡವಿ ಒಳಗೆ ಹೋದೆ.

ಹೋದ ವಾರ ಆ ಎರಡು ಪುಸ್ತಕ ವಾಪಸು ಕೊಡಲು ನಮ್ಮ ಹತ್ತಿಮತ್ತೂರಿನ ಗ್ರಂಥಾಲಯಕ್ಕೆ ಹೋದೆ. ನೀನು ಹೋದಮೇಲೆ ಅವನ್ನು ಮುಟ್ಟಿರಲಿಲ್ಲ. ಗ್ರಂಥಾಲಯ ನೋಡಿಕೊಳ್ಳುವ ಗಿರಿಜಕ್ಕ ಎರಡನ್ನೂ ಬಿಡಿಸಿ, ಒಳಗಿಂದ ಒಂದೊಂದು ಕಸಬರಿಗೆ ಕಡ್ಡಿ ತೆಗೆದು ಮೇಜಿನ ಮೇಲಿಟ್ಟರು. ನಾನು ಹಾಳೆ ಹಾರಿಸಿದ ಜಾಗಗಳು! ನಾನು ಚಹಾಕ್ಕೆ ಎದ್ದ ಕೂಡಲೇ ನೀನು ಕಡ್ಡಿ ಇಟ್ಟಿರುತ್ತಿದ್ದೆಯಂತೆ. ಎರಡು ಸಲವೂ ಮರುದಿನ ನಾನು ದಾರ, ಗುಂಡಿ ತರಲು ಸವಣೂರಿಗೆ ಹೋದಾಗ, ಬಾತ ಕಾಲಲ್ಲಿ ಅಲ್ಲಿಗೆ ನಡೆದು, ಬಿಟ್ಟದ್ದನ್ನು ಅವರಿಂದ ಓದಿಸಿಕೊಂಡೆಯಂತೆ. ಮೊದಲು ಶಾರವ್ವನದು, ಆಮೇಲೆ ನಿನ್ನದು. ಎದ್ದು ಬರುವಾಗ ನೀನು ಆಡಿದ ಮಾತನ್ನು ಗಿರಿಜಕ್ಕ ಹಾಗೇ ಹೇಳಿದರು. "ಅಕಿಗೆ ಗೊತ್ತಾಗೂದು ಬ್ಯಾಡ್ರಿ. ಓದಾಕ ಅಕಿಗೆ ಧೈರ್ಯ ಇಲ್ಲ. ನನಗ ಕೇಳಾಕ ಐತ್ರಿ."

ಹಾಗಾದರೆ ಶಾರವ್ವ ಸತ್ತದ್ದು ಗೊತ್ತಿದ್ದೂ ಪಂಚಮಿಗೆ ಕರೆಸು ಅಂದೆಯಾ? ನನ್ನನ್ನು ಕಾಡಿಸಲಿಕ್ಕೋ, ಇಲ್ಲ ನಿನಗೂ ಆಕೆ ಬದುಕಿರಬೇಕಿತ್ತೋ...

ಸಿಟ್ಟು ಬಂತು ಅವ್ವಾ. ಅಳುವೂ ಬಂತು. ಅಲ್ಲೇ ಬೆಂಚಿನ ಮೇಲೆ ಕುಳಿತು ಆ ನಾಲ್ಕು ಹಾಳೆ ಓದಿದೆ. ನಾನು ಹೆದರಿದ್ದ ಮಾತು ಬರೇ ಅರ್ಧ ಪುಟ. ಉಳಿದದ್ದೆಲ್ಲ ಮನೆಯವರಿಗೆ ಬರೆದದ್ದು. ರೋಗಿಯಿಂದ ಮುಚ್ಚಿಡಬೇಡಿ, ಹತ್ತಿರ ಕುಳಿತುಕೊಳ್ಳಿ, ಏನು ಬೇಕಾಗಿದೆ ಎಂದು ಕೇಳಿ ಅಂತ. ಅರ್ಧ ಪುಟಕ್ಕೆ ಅಂಜಿ ನಾನು ಅದೊಂದನ್ನು ಕೇಳಲೇ ಇಲ್ಲ. ನೀನೂ ಹೇಳದೆ ಹೋದೆ. ಏನು ಬೇಕಾಗಿತ್ತು ನಿನಗೆ?

ಎರಡೂ ಪುಸ್ತಕ ಮತ್ತೆ ನನ್ನ ಹೆಸರಿಗೇ ಬರೆಸಿಕೊಂಡು ಬಂದಿದ್ದೇನೆ. ಈಗ ಮಧ್ಯಾಹ್ನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಶೇಂಗಾ ತಂದು ಕೂರುತ್ತಾರೆ, ಪಕ್ಕದ ಮನೆಯ ನೀಲತ್ತಿ ನಿನ್ನ ಜಾಗದಲ್ಲಿ. ಕಾದಂಬರಿಯನ್ನು ಮೊದಲಿನಿಂದ ಓದುತ್ತಿದ್ದೇನೆ. ನಿನ್ನೆ ಆ ಪುಟ ಬಂತು. ಒಂದೇ ಸಾಲನ್ನು ಎರಡು ಸಲ ಓದಿದೆ. ಆಗದಿದ್ದರೆ ಬಿಡು ಎಂದರು ನೀಲತ್ತಿ. ನೀರು ಕುಡಿದು ಪೂರ್ತಿ ಓದಿದೆ. ಶಾರವ್ವ ತೀರಿಕೊಂಡಳು, ಅವ್ವಾ. ಎಲ್ಲರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಯಾರೂ ಎದ್ದು ಹೋಗಲಿಲ್ಲ.

ಇವತ್ತು ಡಾಕ್ಟರರ ಪುಸ್ತಕದ ಸರದಿ. ನೀಲತ್ತಿಯ ಕಾಲೂ ಬಾತಿವೆ. ಅವರ ಸೊಸೆ ರಿಪೋರ್ಟು ತಂದು ನನ್ನಿಂದ ಓದಿಸಿದಳು, ಅದೂ ನಿನ್ನ ರಿಪೋರ್ಟಿನ ಹಾಗೇ ಇದೆ. ಅತ್ತೆಗೆ ಹೇಳಬೇಡ ಎಂದು ಕೈ ಹಿಡಿದುಕೊಂಡಳು. ಆದರೆ ನೀಲತ್ತಿ ಬೆಳಿಗ್ಗೆ ತಾವೇ ಬಂದು, ಇವತ್ತು ಬೇರೆ ಯಾರನ್ನೂ ಕರೆಯಬೇಡ ಅಂದರು. "ನನಗೊಬ್ಬಾಕಿಗೆ ಓದು. ಒಂದ ಹಾಳಿನೂ ಬಿಡಬ್ಯಾಡಬೇ."

ಬಿಡುವುದಿಲ್ಲ. ಸೊಸೆಗೂ ಅದನ್ನೇ ಹೇಳಿದ್ದೇನೆ, ಅತ್ತೆ ಒಪ್ಪಿದರೆ ನೀನೂ ಬಂದು ಕೂರು ಎಂದಿದ್ದೇನೆ. ನಾಲ್ಕು ಹಾಳೆಯನ್ನೂ ಓದುತ್ತೇನೆ. ಓದಿ, ಪುಸ್ತಕ ಮುಚ್ಚಿ, ಅವರ ಹತ್ತಿರ ಸರಿದು ಕುಳಿತು ಕೇಳುತ್ತೇನೆ.

"ಅತ್ತಿ, ನಿಮಗ ಏನ ಬೇಕಾಗೇತ್ರಿ?"