ಅಳುವ ದನಿಯ ಸ್ಯಾಂಪಲ್

ಮಂಗಳವಾರ, ರೂಮಲ್ಲಿ ಎಲ್ಲರೂ ಮಲಗಿದ ಮೇಲೆ

ನನ್ನ ಮುದ್ದು ಅಕ್ಕಾ,

ಬೈಬೇಡ, ನಾನು ಬರೀತಿಲ್ಲ, ಮಾತಾಡ್ತಿದ್ದೀನಿ. ಫೋನೇ ಅದನ್ನ ಅಕ್ಷರ ಮಾಡಿ ಕೊಡುತ್ತೆ. ನಿನ್ನ ಹೊಲಿಗೆ ಫ್ಯಾಕ್ಟರಿ ಗದ್ದಲದಲ್ಲಿ ಏನೂ ಕೇಳಲ್ಲ, ಅದಕ್ಕೇ ಸುದ್ದಿ ಇದ್ರೆ ಬರಿ, ಜೀವ ಹೋಗೋ ಹಾಗಿದ್ರೆ ಮಾತ್ರ ದನಿ ಕಳಿಸು ಅಂತ ನೀನೇ ಹೇಳಿದ್ದೆಯಲ್ಲ. ಇದು ಸುದ್ದಿ. ಒಳ್ಳೇ ಸುದ್ದಿ ಅಂತಾನೇ ಅಂದ್ಕೊಂಡಿದ್ದೆ.

ಸಿನಿಮಾ ಆಡಿಷನ್‌ಗೆ ಕೊಡೋಕೆ ರೆಸ್ಯೂಮ್ ಮಾಡಿಸಿದೆ. ನಗ್ತಿದ್ದೀಯಾ? ನನ್ನ ಜೊತೆ ಇರೋ ಡ್ರೈವರೂ ನಕ್ಕ. "ಗೋಡೌನಲ್ಲಿ ಡಬ್ಬ ಹೊರೋನು ಅನುಭವ ಅಂತ ಏನೋ ಬರೀತೀಯ, ಡಬ್ಬದ ಪಾರ್ಟು ಮಾಡಿದ್ದೀನಿ ಅಂತಾನಾ?" ಅಂದ. ಎತ್ತರಕ್ಕೆ ಒಂದಿಂಚು ಸೇರಿಸಿದೆ. ಫೋಟೋ ಎರಡು ಬೇಕಂತೆ, ನಗೋದೊಂದು, ನಗದೇ ಇರೋದೊಂದು. ನಗದೇ ಇರೋದ್ರಲ್ಲಿ ಥೇಟ್ ಹಲ್ಲುನೋವು ಬಂದವನ ಹಾಗಿದ್ದೀನಿ. ಅನುಭವ ಅನ್ನೋ ಕಡೆ ಸ್ಕೂಲಲ್ಲಿ ಮಾಡಿದ ಮುದುಕನ ಪಾತ್ರ. ವಿಶೇಷ ಕಲೆ ಅನ್ನೋ ಕಡೆ ಮಿಮಿಕ್ರಿ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನೋ ಕಡೆ ನಿನ್ನ ನಂಬರು. ಇನ್ಯಾರದ್ದು ಕೊಡಲಿ?

ಮಾಡಿಸಿದ್ದು ಒಬ್ಬ ಮ್ಯಾನೇಜರ್ ಹತ್ರ. ಔಷಧಿ ಅಂಗಡಿ ಮೇಲೊಂದು ರೂಮು. ಸದ್ದು ಆಚೆ ಹೋಗಬಾರದು ಅಂತ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ರು. ಅವರೂ ನಮ್ಮ ಭಾಷೆಯೋರೇ ಅಕ್ಕ. ಈ ಊರಿಗೆ ಬಂದ ಮೇಲೆ ಒಬ್ಬರ ಬಾಯಲ್ಲಿ "ಬಾರೋ, ಊಟ ಆಯ್ತಾ?" ಅಂತ ಕೇಳಿದ್ದು ಅದೇ ಮೊದಲು. ಅಷ್ಟಕ್ಕೇ ಕರಗಿಹೋದೆ.

ಬರೀ ಕಾಗದ ಯಾರೂ ನೋಡಲ್ಲ ಕಣೋ, ಜೊತೆಗೆ ದನಿ ಸ್ಯಾಂಪಲ್ ಇರಬೇಕು ಅಂದ್ರು. ಕ್ಯಾಮೆರಾ ಎಲ್ಲಿ ಸರ್ ಅಂದೆ. ಮುಖ ಆಮೇಲೆ, ಮೊದಲು ದನಿ ಅಂದ್ರು. ನಗು, ಸಿಟ್ಟು ಎಲ್ಲಾ ಒಂದೇ ಸಲಕ್ಕೆ ಪಾಸು. ಅಳು ಮಾತ್ರ ಇಡೀ ಮಧ್ಯಾಹ್ನ ತಿಂತು. ಸುಳ್ಳು ಅನ್ಸುತ್ತೆ, ನಿಜವಾಗ್ಲೂ ಯಾರ ಹತ್ರ ಅಳ್ತೀಯ ಅಂತ ಕೇಳಿದ್ರು. ಅಕ್ಕನ ಹತ್ರ ಅಂದೆ. ಹಂಗಾದ್ರೆ ಅವಳನ್ನೇ ಕರಿ ಅಂದ್ರು. ಮನೇಲಿ ನಿನ್ನ ಏನಂತ ಕರೀತಾರೆ? ಗಿಣಿ ಅಂತಾರೆ ಸರ್, ಎಲ್ಲರ ಹಾಗೂ ಮಾತಾಡ್ತೀನಲ್ಲ, ಅದಕ್ಕೆ. ಅವರು ನಕ್ಕರು. ಬರ್ಕೊಂಡ್ರು. ಅಳು ಬರಲಿ ಅಂತ ನಮ್ಮಿಬ್ಬರ ಚಿಕ್ಕಂದಿನ ಗುಟ್ಟನ್ನೆಲ್ಲ ಒಂದೊಂದಾಗಿ ಕೇಳಿ ಹೇಳಿಸಿದ್ರು.

ಇವತ್ತು ಕೆಲಸ ಮುಗಿಸಿ ಸ್ಯಾಂಪಲ್ ಇಸ್ಕೊಳ್ಳೋಣ ಅಂತ ಹೋದೆ. ರೂಮು ಖಾಲಿ. ಒಂದೆರಡು ಮೊಟ್ಟೆ ಟ್ರೇ ಹರಿದು ನೇತಾಡ್ತಿದ್ವು. ನಿನ್ನೆ ದಿನಾನೇ ರೂಮು ಬಿಟ್ಟುಹೋದ್ರು, ನೀನು ಎಷ್ಟನೆಯವನೋ ಕೇಳ್ಕೊಂಡು ಬರ್ತಿರೋದು ಅಂದ ಔಷಧಿ ಅಂಗಡಿಯವನು. ದೊಡ್ಡ ಜಾಗಕ್ಕೆ ಹೋಗಿರಬೇಕು ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳ್ಕೊಂಡು ಬಂದೆ. ಡ್ರೈವರ್ ಈ ಸಲ ನಗಲಿಲ್ಲ. ಅಳುವಾಗ ಏನೇನು ಹೇಳಿದೆ, ಒಂದೊಂದೂ ಹೇಳು ಅಂದ. ಹೇಳಿ ಮುಗಿಸಿದ ಕೂಡಲೇ ನಿನಗೆ ಕಳಿಸೋಕೆ ಫೋನ್ ತಗೊಂಡೆ.

ನಿನಗೂ ಹೇಳ್ತೀನಿ, ಕೇಳು. "ಅಕ್ಕ, ನಾನು ಗಿಣಿ. ನನ್ನನ್ನ ಹಿಡಿದಿಟ್ಟಿದ್ದಾರೆ. ಅಮ್ಮನ ಬಳೆ ತಗೊಂಡು ಬಾ, ನಿಮ್ಮೂರ ರೈಲ್ವೆ ಸ್ಟೇಷನ್ ಹಿಂದಿನ ಗೇಟ್ ಹತ್ರ ನನ್ನ ಸ್ನೇಹಿತ ಇರ್ತಾನೆ. ಯಾರಿಗೂ ಹೇಳಬೇಡ. ನನ್ನ ಫೋನ್ ಕಿತ್ಕೊಂಡಿದ್ದಾರೆ. ಆ ನಂಬರಿಂದ ಫೋನ್ ಬಂದ್ರೆ ಎತ್ತಬೇಡ, ಏನು ಬರೆದು ಬಂದ್ರೂ ನಂಬಬೇಡ, ಅದು ನಾನಲ್ಲ." ಸ್ಕ್ರಿಪ್ಟು ಅಂದ್ರು ಅಕ್ಕ. ಬಳೆ ಮಾತ್ರ ನಾನು ಸೇರಿಸಿದ್ದು. ಮನೇಲಿ ಪ್ರಾಣಕ್ಕಿಂತ ಹೆಚ್ಚಿನ ವಸ್ತು ಯಾವುದು ಅಂತ ಕೇಳಿದ್ರು, ಅದನ್ನ ನೆನೆಸಿದ ಕೂಡಲೇ ನಿಜವಾಗ್ಲೂ ಅಳು ಬಂತು. ಈಗ ಬಂತು ನೋಡು ಅಂತ ಬೆನ್ನು ತಟ್ಟಿದ್ರು. ಎಷ್ಟು ಖುಷಿಯಾಗಿತ್ತು ಗೊತ್ತಾ.

ಡ್ರೈವರ್‌ದು ಎಲ್ಲದಕ್ಕೂ ಅನುಮಾನ, ಆ ದನಿನ ನಿನಗೇ ಕಳಿಸಿ ಬಳೆ ಹೊಡೀತಾರೆ ಅಂತಾನೆ. ಹಾಗೇ ಇರಲಿ. ಆದ್ರೂ ನನ್ನ ದನಿ ಬಂದ್ರೆ ಹೋಗಬೇಡ. ಎಷ್ಟೇ ಅತ್ತರೂ ಹೋಗಬೇಡ. ಓದಿದ ಕೂಡಲೇ ಒಂದು "ಹ್ಞೂಂ" ಕಳಿಸು. ಅಲ್ಲಿವರೆಗೂ ನಿದ್ದೆ ಬರಲ್ಲ.

ನಿನ್ನ
ಗಿಣಿ

ಮತ್ತೆ: ಅಕ್ಕ, ಇದನ್ನ ಕಳಿಸಿ ಕೂತಿದ್ದೆ. ನಿನ್ನ ಪಕ್ಕದ ಮನೆ ಆಂಟಿ ಮೆಸೇಜ್ ಮಾಡಿದ್ರು. ನೀನು ಅಳ್ತಾ ಬೀಗ ಹಾಕ್ಕೊಂಡು ಹೊರಟೆಯಂತೆ, ಈ ಹೊತ್ತಲ್ಲಿ ಎಲ್ಲಿಗೆ ಅಂದ್ರೆ ಮಾತೇ ಆಡಲಿಲ್ಲವಂತೆ, ಸೆರಗಿನ ಅಡಿ ಹಿಟ್ಟಿನ ಡಬ್ಬ ಇತ್ತಂತೆ. ಬಳೆ ಇಟ್ಟಿರೋ ಡಬ್ಬ. ಫೋನ್ ಮಾಡ್ತಾನೇ ಇದ್ದೀನಿ. ಎರಡು ಸಲ ರಿಂಗಾಗುತ್ತೆ, ಕಟ್ಟಾಗುತ್ತೆ. ನೀನೇ ಕಟ್ ಮಾಡ್ತಿದ್ದೀಯ, ಆ ಸ್ಯಾಂಪಲಲ್ಲಿ ನಾನು ಹೇಳಿದ ಹಾಗೇ. ಡ್ರೈವರ್ ಫೋನಿಂದ ಮಾಡಿದ್ರೂ ನನ್ನ ದನಿ ಕೇಳಿದ ಕೂಡಲೇ "ಬರ್ತಿದ್ದೀನಿ ಗಿಣಿ, ಅಳಬೇಡ" ಅಂದು ಇಟ್ಟುಬಿಟ್ಟೆ, ಆಮೇಲೆ ಫೋನೇ ಆಫ್. ಆಂಟಿನ ನಿನ್ನ ಹಿಂದೆ ಓಡಿಸಿದ್ದೀನಿ. ಅಕ್ಕ, ನಿಂತ್ಕೋ. ಇದು ನಾನೇ ಅಂತ ನೀನು ನಂಬೋ ಹಾಗೆ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋ ಒಂದು ಮಾತು ಬರೀಬೇಕು ಅಂತ ಹುಡುಕ್ತಿದ್ದೀನಿ. ಯಾವುದೂ ಉಳಿದಿಲ್ಲ. ಎಲ್ಲಾ ಆ ಮ್ಯಾನೇಜರ್‌ಗೆ ಹೇಳಿದ್ದೀನಿ.